ಚಿಂತೆಗೊಂದು ಅಪಾಯಿಂಟ್‌ಮೆಂಟ್

"ಈ ಕನ್ನಡಕ ಸರಿಯಿಲ್ಲ," ಎನ್ನುತ್ತ ಅವಳು ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. "ಹಾಕ್ಕೊಂಡ್ರೂ ಅಷ್ಟೇ, ತೆಗೆದ್ರೂ ಅಷ್ಟೇ."

ಅಂಗಡಿಯವನು ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದ. ಹೋದ ವಾರ ಒಳಕೋಣೆಯಲ್ಲಿ ಅವಳ ಕಣ್ಣು ಪರೀಕ್ಷೆ ಮಾಡಿದವನು ಅವನೇ. ಮರೆತಿರಲಿಲ್ಲ.

"ನೀವು ಚಾರ್ಟಿನ ಕೊನೇ ಸಾಲಿನ ತನಕ ಓದಿದ್ರಲ್ಲ ಮೇಡಂ? ಗಟಗಟ ಅಂತ ಓದಿದ್ರಿ. ಅಷ್ಟು ಚೆನ್ನಾಗಿ ಓದೋರು ನನ್ನ ಹತ್ರ ಬರೋದೇ ಇಲ್ಲ."

"ಓದಿದ್ದೆ."

"ಮತ್ತೆ?"

ದಾರಿಯುದ್ದಕ್ಕೂ ಅವಳು ಈ ಪ್ರಶ್ನೆಗೆ ಉತ್ತರ ತಯಾರು ಮಾಡಿಕೊಂಡು ಬಂದಿದ್ದಳು. ಗಾಜೇ ಬದಲಾಗಿರಬಹುದು, ಡಬ್ಬಿಯೇ ಬೇರೆಯವರದಿರಬಹುದು, ಎಂದೆಲ್ಲ. ಅವನು ಕನ್ನಡಕದ ಮೇಲಿಂದ ಇಣುಕಿ ನೋಡಿದ ರೀತಿಗೆ ಅವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾದವು. ನಿಜವೇ ಬಾಯಿಗೆ ಬಂತು.

"ಬಾಯಿಪಾಠ ಮಾಡಿದ್ದೆ."

"ಏನನ್ನ?"

"ಚಾರ್ಟನ್ನ. ನೀವು ಫೋನ್ ಬಂತು ಅಂತ ಆಚೆ ಹೋದ್ರಲ್ಲ, ಆಗ ಎದ್ದು ಹತ್ರ ಹೋಗಿ ಓದ್ಕೊಂಡೆ. ತಪ್ಪು ಹೇಳ್ಬಿಟ್ರೆ ಅಂತ ಭಯ ಆಯ್ತು."

ಅವನು ನಗಲಿಲ್ಲ. ಬಹಳ ಗಂಭೀರವಾಗಿ ಹಿಂದಕ್ಕೆ ತಿರುಗಿ, ಮೊದಲೇ ಹೊಳೆಯುತ್ತಿದ್ದ ಒಂದು ಫ್ರೇಮನ್ನು ಬಟ್ಟೆಯಿಂದ ಒರೆಸತೊಡಗಿದ. ಅವನ ಹೆಗಲು ಮಾತ್ರ ಅಲುಗುತ್ತಿತ್ತು.

"ನಗೋದಾದ್ರೆ ಈ ಕಡೆ ತಿರುಗಿ ನಗ್ರೀ," ಎಂದಳು ಅವಳು.

ತಿರುಗಿದ. ಕಣ್ಣಲ್ಲಿ ನೀರು ಬಂದಿತ್ತು. "ಸಾರಿ ಮೇಡಂ. ಅದು ಕಣ್ಣಿಗೆ ಇಟ್ಟ ಪರೀಕ್ಷೆ. ನಿಮಗಲ್ಲ."

ಅವಳಿಗೂ ನಗು ಬಂತು. ತಪ್ಪು ಮಾಡಿ ಸಿಕ್ಕಿಬಿದ್ದ ಮೇಲೂ ಎದೆ ಹೊಡೆದುಕೊಳ್ಳದೇ ಇದ್ದದ್ದು ಅವಳ ಬದುಕಿನಲ್ಲಿ ಅಪರೂಪ. ಅದನ್ನು ಅವಳು ಆಗಲೇ ಗಮನಿಸಿದಳು.

ಮನೆಯಲ್ಲಿ ಅವಳಿಗೆ ಅಕಸ್ಮಾತ್ ಎಂದೇ ಹೆಸರು. ಇಟ್ಟವರು ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಬಂದ ಹೊಸದರಲ್ಲೇ, ಈ ನಾದಿನಿಯ ಬಾಯಿಂದ ಬರುವ ಮಾತೆಲ್ಲ ಒಂದೇ ಪದದಿಂದ ಶುರುವಾಗುವುದು ಅವರ ಕಿವಿಗೆ ಬಿದ್ದಿತ್ತು. ಅಕಸ್ಮಾತ್ ಗ್ಯಾಸ್ ಆರಿಸೋದು ಮರೆತಿದ್ರೆ? ಅಕಸ್ಮಾತ್ ಬಸ್ಸು ಮುಂಚೇನೇ ಹೋಗ್ಬಿಟ್ಟಿದ್ರೆ? ಅಕಸ್ಮಾತ್ ಅವರು ನಕ್ಕಿದ್ದು ನನ್ನನ್ನ ನೋಡೇ ಆಗಿದ್ರೆ? "ಅಕಸ್ಮಾತ್, ಊಟಕ್ಕೆ ಬಾ," ಎಂದು ಅತ್ತಿಗೆ ಒಂದು ದಿನ ಕೂಗಿದರು. ಹೆಸರು ಅಂಟಿಕೊಂಡೇಬಿಟ್ಟಿತು.

ತಮಾಷೆಯೆಂದರೆ ಈ ಗುಣವೇ ಅವಳಿಗೆ ಅನ್ನ ಕೊಡುತ್ತಿತ್ತು. ಅವಳು ಲಿಫ್ಟ್ ಇನ್‌ಸ್ಪೆಕ್ಟರ್. ಎತ್ತರದ ಕಟ್ಟಡಗಳಿಗೆ ಹೋಗಿ, ಮಾಳಿಗೆಯ ಮೆಷಿನ್ ರೂಮಿನಿಂದ ಹಿಡಿದು ಕೆಳಗಿನ ಗುಂಡಿಯವರೆಗೆ ಇಳಿದು, ಉಕ್ಕಿನ ಹಗ್ಗ, ಬ್ರೇಕು, ಬಾಗಿಲು ಎಲ್ಲ ಪರೀಕ್ಷಿಸಿ, ಲಿಫ್ಟಿನ ಗೋಡೆಗೆ ತನ್ನ ಸಹಿಯ ಸ್ಟಿಕ್ಕರ್ ಅಂಟಿಸಿ ಬರುವುದು ಕೆಲಸ. ಅಲ್ಲಿ ಅವಳ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ. ಮನುಷ್ಯರ ಹತ್ತಿರ ಬಂದಾಗ ಮಾತ್ರ ತಲೆಯೊಳಗೆ ಸಂತೆ ನೆರೆಯುತ್ತಿತ್ತು.

ಹಿಂದೆ ಒಬ್ಬನನ್ನು ಪ್ರೀತಿಸಿದ್ದಳು. ಅವನು ತಡವಾಗಿ ಬಂದರೆ ಯಾಕೆ, ಬೇಗ ಬಂದರೆ ಯಾಕೆ, ಸುಮ್ಮನಿದ್ದರೆ ಏನಾಯಿತು ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. "ನಿನ್ನ ಜೊತೆ ಇರೋದಂದ್ರೆ ದಿನಾ ವಿಚಾರಣೆಗೆ ಹಾಜರಾದ ಹಾಗೆ," ಎಂದು ಹೇಳಿ ಅವನು ಹೊರಟುಹೋದ. ಆ ಮಾತು ಅರ್ಧ ನಿಜವಾಗಿದ್ದರಿಂದಲೇ ಅವಳನ್ನು ಇನ್ನೂ ಕೊರೆಯುತ್ತಿತ್ತು. ಮತ್ತೆ ಯಾರಾದರೂ ಮನಸ್ಸಿಗೆ ಹಿಡಿಸಿದರೆ ಅವರನ್ನು ತನ್ನ ತಲೆಯ ಕೈಗೆ ಕೊಟ್ಟು ಹಾಳುಮಾಡುವುದಿಲ್ಲ ಎಂದು ಅವಳು ಅಂದೇ ಹಟ ತೊಟ್ಟಿದ್ದಳು.

ಹಟ ತೊಡುವುದು ಸುಲಭ, ಮನಸ್ಸಿಗೆ ಹಿಡಿಸುವವರು ಸಿಗುವ ತನಕ.

ಎರಡನೇ ಸಲದ ಪರೀಕ್ಷೆಗೆ ಅವನು ಅಕ್ಷರದ ಚಾರ್ಟು ತೆಗೆದು ಅಂಕಿಗಳ ಚಾರ್ಟು ಹಾಕಿದ. ಫೋನು ಹೊರಗಿಟ್ಟು ಬಂದು, "ಇವತ್ತು ನಿಮ್ಮನ್ನ ಒಬ್ಬರನ್ನೇ ಬಿಟ್ಟು ಎಲ್ಲೂ ಹೋಗಲ್ಲ," ಎಂದ. ಆಮೇಲೆ ಅದು ಬೇರೆ ಥರ ಕೇಳಿಸಿತೇನೋ ಎಂದು ಅವನ ಕಿವಿ ಕೆಂಪಾಯಿತು.

"ಒಂದನೇ ಗಾಜು ಚೆನ್ನಾಗಿದೆಯಾ, ಎರಡನೇದಾ?"

ಅವಳು ಉಸಿರು ಹಿಡಿದಳು. ಒಂದನೆಯದು ಎಂದರೆ ಅವನಿಗೆ ಬೇಜಾರಾದೀತೇ? ಎರಡನೆಯದನ್ನು ಆಮೇಲೆ ತೋರಿಸಿದ್ದಾನೆ ಎಂದರೆ ಅದೇ ಸರಿಯಿರಬೇಕಲ್ಲವೇ?

"ಮೇಡಂ?"

"ಎರಡೂ ಒಂದೇ ಥರ ಇದೆ. ಏನ್ ಹೇಳಲಿ?"

"ಒಂದೇ ಥರ ಇದೆ ಅಂತ ಹೇಳಿ. ಅದೂ ಉತ್ತರಾನೇ."

ಅದೂ ಒಂದು ಉತ್ತರ ಎಂದು ಇಷ್ಟು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ. ಕುರ್ಚಿಯಲ್ಲಿ ಅವಳ ಬೆನ್ನು ಮೆಲ್ಲಗೆ ಹಿಂದಕ್ಕೆ ಒರಗಿತು.

ಕೊನೆಗೆ ಅವನು ದೀಪ ಆರಿಸಿ, ಸಣ್ಣ ಟಾರ್ಚಿನ ಉಪಕರಣ ಹಿಡಿದು ಹತ್ತಿರ ಬಾಗಿದ. ತೀರಾ ಹತ್ತಿರ. "ನನ್ನ ಕಿವಿ ನೋಡ್ತಾ ಇರಿ," ಎಂದ. "ಕಣ್ಣು ಅಲ್ಲಾಡಿಸ್ಬೇಡಿ."

ಅವಳು ಅವನ ಕಿವಿಯನ್ನು ನೋಡಿದಳು. ದಿನವಿಡೀ ಸಿಕ್ಕಿಸಿಕೊಳ್ಳುವ ಪೆನ್ಸಿಲ್ಲಿನ ಗುರುತು ಅದರ ಹಿಂದೆ ಬೂದು ಗೆರೆಯಾಗಿ ಕೂತಿತ್ತು. ತನ್ನ ಉಸಿರು ಅವಳ ಕೆನ್ನೆಗೆ ತಾಗದಿರಲೆಂದು ಅವನು ಉಸಿರು ಬಿಗಿಹಿಡಿದಿದ್ದ. ಅವಳೂ ಹಿಡಿದಿದ್ದಳು. ಹೀಗೆ ಇಬ್ಬರೂ ಉಸಿರು ಬಿಡದೆ ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ಕಣ್ಣಿನ ಡಾಕ್ಟರಲ್ಲ, ಬೇರೆ ಡಾಕ್ಟರೇ ಬೇಕಾಗುತ್ತಿತ್ತು.

ಹೊಸ ಕನ್ನಡಕ ಹಾಕಿಕೊಂಡ ದಿನ ಮೊದಲು ಕಂಡದ್ದು ಅವನ ಮುಖ. ಒಂದು ಹುಬ್ಬು ಇನ್ನೊಂದಕ್ಕಿಂತ ಕೊಂಚ ಮೇಲಿತ್ತು. ಹಾಗಾಗಿ ಸುಮ್ಮನಿದ್ದಾಗಲೂ ಅವನು ಏನನ್ನೋ ಕೇಳುತ್ತಿರುವಂತೆ ಕಾಣುತ್ತಿದ್ದ.

"ಕಾಣಿಸ್ತಿದೆಯಾ?" ಎಂದ.

"ಚೆನ್ನಾಗಿ ಕಾಣಿಸ್ತಿದೆ," ಎಂದಳು. ಎದುರು ಅಂಗಡಿಯ ಬೋರ್ಡನ್ನು ನೋಡಿ ಹೇಳಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಮುಂದಿನ ವಾರ ಫ್ರೇಮ್ ಸಡಿಲವಾಗಿದೆ ಎಂದು ಬಂದಳು. ಅದಾಗಿ ಎರಡು ದಿನಕ್ಕೆ ಬಿಗಿಯಾಗಿದೆ ಎಂದು. ಅವನು ಮೂಗಿನ ಪಟ್ಟಿ ಸರಿಮಾಡುತ್ತ, "ಫ್ರೇಮಿಗೇನೂ ಆಗಿಲ್ಲ. ಹಣೆ ಗಂಟು ಹಾಕ್ಕೊಂಡ್ರೆ ಕನ್ನಡಕ ಜಾರುತ್ತೆ. ಎಷ್ಟು ಯೋಚನೆ ಮಾಡ್ತೀರ್ರೀ ನೀವು!" ಎಂದ.

"ಯೋಚನೆ ಮಾಡ್ಬೇಡ ಅಂತ ಮಾತ್ರ ಹೇಳ್ಬೇಡಿ. ಎಲ್ಲರೂ ಅದನ್ನೇ ಹೇಳ್ತಾರೆ. ಮಾಡ್ಬಾರದು ಅಂತ ಹೊರಟ್ರೆ ಅದೇ ಇನ್ನೊಂದು ಯೋಚನೆ ಆಗುತ್ತೆ."

"ಹೇಳಲ್ಲ." ಅವನು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ. "ನನ್ನ ಅಂಗಡಿಗೆ ಎಲ್ಲರೂ ಒಟ್ಟಿಗೇ ನುಗ್ಗಿದ್ರೆ ನಾನೇನು ಮಾಡ್ತೀನಿ? ಓಡ್ಸಲ್ಲ. ಅಪಾಯಿಂಟ್‌ಮೆಂಟ್ ಕೊಡ್ತೀನಿ. ನೀವೂ ಹಾಗೇ ಮಾಡಿ. ಚಿಂತೆ ಬಂದ್ರೆ, ಈಗ ಆಗಲ್ಲ, ಸಂಜೆ ಐದೂವರೆಗೆ ಬಾ ಅಂತ ಹೇಳಿ ಕಳಿಸಿ."

"ನಿಜವಾಗ್ಲೂ ಬಂದ್ರೆ?"

"ಬರಲಿ. ಆ ಹೊತ್ತಿಗೆ ನನ್ನ ಅಂಗಡಿ ಖಾಲಿ ಇರುತ್ತೆ."

ಕೊನೆಯ ಮಾತು ಚಿಂತೆಯ ಬಗ್ಗೆಯೋ, ತನ್ನ ಬಗ್ಗೆಯೋ, ಬರೀ ಅಂಗಡಿಯ ಬಗ್ಗೆಯೋ? ಮನೆ ತಲುಪುವವರೆಗೂ ಅದನ್ನು ಅವಳು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ನೆನಪಾಗಿ, ಆ ಪ್ರಶ್ನೆಗೂ ಸಂಜೆ ಬಾ ಎಂದು ಹೇಳಿದಳು.

ಹೀಗೆ ಶುರುವಾಯಿತು. ಕೆಲಸ ಮುಗಿಸಿ ಅವಳು ಅಂಗಡಿಗೆ ಬರುವಳು. ಅವನು ಚಹಾ ಮಾಡುವನು. ಮೂಲೆಯ ಕುರ್ಚಿಯಲ್ಲಿ ಅವನ ತಂದೆ ಕೂತಿರುತ್ತಿದ್ದರು. ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಏರಿ, ಗೊತ್ತಾಗುವಷ್ಟರಲ್ಲಿ ನೋಟವೆಲ್ಲ ಹೋಗಿತ್ತು. ಆದರೂ ದಿನವೂ ಅಂಗಡಿಗೆ ಬಂದು, ಗಿರಾಕಿಗಳ ಜೊತೆ ಹರಟೆ ಹೊಡೆದು, ಮಗನ ಚಹಾದಲ್ಲಿ ಸಕ್ಕರೆ ಸಾಲದೆಂದು ಜಗಳ ತೆಗೆಯುವುದನ್ನು ಬಿಟ್ಟಿರಲಿಲ್ಲ.

"ಬಾಮ್ಮ," ಎನ್ನುವರು. "ಇವತ್ತು ಯಾವ ಚಿಂತೆ? ನಿನ್ನೇದು ಚೆನ್ನಾಗಿತ್ತು."

ಅವಳು ಬೆಳಗ್ಗಿನಿಂದ ಸಂಜೆಗೆಂದು ತಳ್ಳಿದ್ದನ್ನೆಲ್ಲ ಹೊರಗೆ ತೆಗೆಯುವಳು. ಅರ್ಧಕ್ಕರ್ಧ ಅಷ್ಟರಲ್ಲಿ ತಂಗಳಾಗಿರುತ್ತಿದ್ದವು. ಮ್ಯಾನೇಜರ್ ಮುಖ ಗಂಟಿಕ್ಕಿದ್ದು ಹಲ್ಲುನೋವಿಗೆ ಎಂದು ಮಧ್ಯಾಹ್ನವೇ ತಿಳಿದಿರುತ್ತಿತ್ತು. ಉಳಿದದ್ದನ್ನು ಮೂವರೂ ಕೂತು ನೋಡುವರು.

ಒಂದು ಸಂಜೆ ಅವನು ಕೇಳಿದ. "ಲಿಫ್ಟ್ ಹತ್ರಾನೂ ಹೀಗೇ ತಲೆ ಕೆಡಿಸ್ಕೊಳ್ತೀರಾ?"

"ಛೆ, ಇಲ್ಲಪ್ಪ. ಅಲ್ಲಿ ಹಗ್ಗ ತುಂಡಾದ್ರೆ ಅಂತ ಅನ್ಸಿದ್ರೆ ಹಗ್ಗ ನೋಡ್ತೀನಿ. ಬ್ರೇಕ್ ಹಿಡೀದೇ ಇದ್ರೆ ಅಂತ ಅನ್ಸಿದ್ರೆ ಬ್ರೇಕ್ ಹಾಕಿ ನೋಡ್ತೀನಿ. ಒಂದ್ಸಲ. ಸರಿ ಇದ್ರೆ ಸ್ಟಿಕ್ಕರ್ ಅಂಟಿಸಿ ಇಳಿದು ಬರ್ತೀನಿ."

"ಭೂಕಂಪ ಆದ್ರೆ ಅಂತ ಅನ್ಸಿದ್ರೆ?"

"ಅದನ್ನ ಪರೀಕ್ಷೆ ಮಾಡೋಕಾಗಲ್ವಲ್ಲ. ಅದು ನನ್ನ ಕೆಲಸಾನೇ ಅಲ್ಲ."

ಹೇಳಿದ ಮೇಲೆ ತನ್ನ ಮಾತು ಅವಳಿಗೇ ಕೇಳಿಸಿತು. ಅವನ ಮೇಲಿನ ಹುಬ್ಬು ಇನ್ನೂ ಮೇಲೆ ಹೋಯಿತು. ಬಿಸ್ಕತ್ತಿನ ಡಬ್ಬಿ ಅವಳ ಕಡೆ ಸರಿಸಿದ.

ಅಂದಿನಿಂದ ಅವಳು ತಲೆಯನ್ನೂ ಲಿಫ್ಟಿನ ಹಾಗೆಯೇ ನಡೆಸುವುದೆಂದು ತೀರ್ಮಾನಿಸಿದಳು. ನೋಡಿ ತಿಳಿಯಬಹುದಾದ ಭಯವಾದರೆ ಹೋಗಿ ನೋಡುವುದು, ಒಂದೇ ಸಲ. ನೋಡಲಾಗದ ಭಯವಾದರೆ ಬಾಗಿಲಲ್ಲಿ ನಿಲ್ಲಿಸುವುದು. ಮೊದಲ ದಿನಗಳಲ್ಲಿ ಸೋತದ್ದೇ ಹೆಚ್ಚು. ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಓಡಿದ್ದೂ ಉಂಟು. ಆದರೂ ಬಿಡಲಿಲ್ಲ. ಕಾಲನ್ನು ನೆಲಕ್ಕೆ ಒತ್ತಿ, ಉಸಿರನ್ನು ಉದ್ದಕ್ಕೆ ಹೊರಗೆ ಬಿಟ್ಟು, "ನೋಡಿ ಆಯ್ತು, ನಡಿ," ಎಂದು ತನಗೆ ತಾನೇ ಗದರಿಕೊಂಡು ಮುಂದೆ ನಡೆಯುವುದನ್ನು ಕಲಿತಳು.

ಇದರಿಂದ ಒಂದು ಅನಾಹುತವಾಯಿತು. ಚಿಂತೆಗಳು ಕಡಿಮೆಯಾದವು. ಚಿಂತೆ ಇಲ್ಲದೆ ಐದೂವರೆಗೆ ಅಂಗಡಿಗೆ ಹೋಗುವುದು ಹೇಗೆ?

"ಇವತ್ತು ಒಂದು ದೊಡ್ಡ ಚಿಂತೆ ಇದೆ," ಎಂದಳು ಒಂದು ದಿನ. "ನಮ್ಮ ಬೀದಿ ದೀಪ ಇದೆಯಲ್ಲ, ಅದು ಸ್ವಲ್ಪ ವಾಲಿದೆ."

ಅವನು ಚಹಾ ಬಗ್ಗಿಸುತ್ತ ಅವಳನ್ನೇ ನೋಡಿದ. "ಇದು ಬರೋ ದಾರೀಲಿ ಹೊಲಿಸ್ಕೊಂಡು ಬಂದ ಚಿಂತೆ ಥರ ಇದೆ. ಹೊಲಿಗೆ ಇನ್ನೂ ಹಸಿ ಇದೆ."

"ವಾಲಿದೆ ಅಂದ್ರೆ ವಾಲಿದೆ!"

"ಚಿಂತೆ ಇಲ್ದಿದ್ರೂ ಬರಬಹುದು ರೀ," ಎಂದ, ಲೋಟದ ಕಡೆ ನೋಡುತ್ತ.

ಮೂಲೆಯಿಂದ ತಂದೆ ಕೆಮ್ಮಿದರು. ಕೆಮ್ಮು ಬಂದು ಕೆಮ್ಮಿದ್ದಲ್ಲ.

ಮನೆಯಲ್ಲಿ ಅತ್ತಿಗೆಗೆ ವಾಸನೆ ಹತ್ತಿತು. "ಏನೇ ಅಕಸ್ಮಾತ್, ನಿನ್ನ ಕಣ್ಣು ಇಷ್ಟೊಂದು ಸಲ ಪರೀಕ್ಷೆ ಮಾಡಿಸೋಷ್ಟು ಕೆಟ್ಟಿದೆಯಾ?"

"ಫ್ರೇಮ್ ಸಡಿಲ ಅತ್ತಿಗೆ."

"ಫ್ರೇಮೋ, ತಲೇನೋ?"

ಹೀಗೇ ಹಗುರವಾಗಿ ನಡೆಯುತ್ತಿದ್ದ ದಿನಗಳಲ್ಲೇ ಅವಳು ಆ ಪ್ರಶ್ನೆ ಕೇಳಿದ್ದು. ತಂದೆ ಕೈ ತೊಳೆಯಲು ಒಳಗೆ ಹೋಗಿದ್ದರು.

"ಅಪ್ಪನಿಗೆ ಬಂದಿದ್ದು ಮಕ್ಕಳಿಗೂ ಬರಬಹುದು ಅಂತೀರಲ್ಲ. ನೀವು ಪರೀಕ್ಷೆ ಮಾಡಿಸ್ಕೊಂಡಿದ್ದೀರಾ?"

"ಮಾಡಿಸ್ಬೇಕು." ಅವನು ಎದ್ದು ಷೋಕೇಸಿನ ಗಾಜು ಒರೆಸಿದ.

"ಯಾವಾಗ?"

"ಮಾಡಿಸ್ಬೇಕು ರೀ. ಕೆಲಸ ಇರುತ್ತೆ."

ಊರಿಗೆಲ್ಲ ಕಣ್ಣು ತೋರಿಸಿಕೊಳ್ಳಿ ಎನ್ನುವವನು ತನ್ನ ಕಣ್ಣನ್ನು ವರ್ಷಗಳಿಂದ ಯಾರಿಗೂ ತೋರಿಸಿರಲಿಲ್ಲ. ಅವಳ ತಲೆ ಎಲ್ಲವನ್ನೂ ಯೋಚಿಸುತ್ತಿತ್ತು. ಇವನದು ಈ ಒಂದನ್ನು ಯೋಚಿಸುವುದೇ ಇಲ್ಲವೆಂದು ಕದ ಹಾಕಿಕೊಂಡಿತ್ತು. ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಇದು ನೋಡಿ ತಿಳ್ಕೊಳ್ಳಬಹುದಾದ ಭಯ," ಎಂದಳು. "ಹೋಗಿ ನೋಡಿಸ್ಕೊಳ್ಳಿ. ನಾಳೇನೇ."

ಅವನ ಮುಖದಲ್ಲಿ ಮೊದಲ ಸಲ ನಗುವಿರಲಿಲ್ಲ. "ಸರಿ," ಎಂದ. ಅಷ್ಟೇ.

ಮರುದಿನ ಸಂಜೆ ಅಂಗಡಿಯ ಬಾಗಿಲು ಹಾಕಿತ್ತು. ಅದರ ಮರುದಿನವೂ. "ನಾಳೆ ಬರಲಾ?" ಎಂದು ಮೆಸೇಜ್ ಕಳಿಸಿದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಬೇಡ."

ಅದೇ ವಾರ, ಹಗಲು ಹೊತ್ತಿನಲ್ಲಿ, ಆಸ್ಪತ್ರೆಯ ಬೀದಿಯಲ್ಲಿ ಅವನು ಎದುರಿಗೇ ಬಂದ. ಕಪ್ಪು ಕನ್ನಡಕ ಹಾಕಿದ್ದ. ಅವಳು ಕೈ ಎತ್ತಿದಳು, ನಕ್ಕಳು ಕೂಡ. ಅವನು ಅವಳ ಮುಖಕ್ಕೆ ನೇರವಾಗಿ ಮುಖ ಮಾಡಿ, ಗುರುತೇ ಇಲ್ಲದವನಂತೆ ಪಕ್ಕದಿಂದ ನಡೆದುಹೋದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಕೂದಲು ಸರಿಮಾಡಿಕೊಂಡಳು.

ಆಮೇಲೆ ತಲೆಯೊಳಗೆ ಏನಾಯಿತೆಂದು ಬೇರೆ ಹೇಳಬೇಕಿಲ್ಲ. ಇವನನ್ನೂ ವಿಚಾರಣೆಗೆ ನಿಲ್ಲಿಸಿದೆ. ಮಾಡಿಸ್ಕೊಂಡಿದ್ದೀರಾ ಎಂದೆ, ಯಾವಾಗ ಎಂದೆ. ನಾಳೇನೇ ಎಂದೆ. ನಾಳೇನೇ ಅನ್ನಲು ನಾನು ಯಾರು? ಪಾಪ, ಮರ್ಯಾದೆಗೆ ಸಹಿಸಿಕೊಂಡಿದ್ದ. ಚಹಾ ಕೊಟ್ಟದ್ದೂ ಮರ್ಯಾದೆಗೇ. ಇವತ್ತು ಬೀದಿಯಲ್ಲಿ ಅದೂ ಮುಗಿಯಿತು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಒಂದೇ ತಟ್ಟೆಯನ್ನು ತೊಳೆದು, ಒರೆಸಿ, ಮತ್ತೆ ತೊಳೆದಳು.

ಅತ್ತಿಗೆ ತಟ್ಟೆಯನ್ನು ಕಸಿದುಕೊಂಡರು. ತಮಾಷೆ ಮಾಡಲಿಲ್ಲ. "ಅವನು ಬಾಯಿಬಿಟ್ಟು ಏನು ಹೇಳಿದಾನೆ? ಅದಷ್ಟನ್ನೇ ಹೇಳು."

"ಬೇಡ ಅಂದ."

"ಉಳಿದಿದ್ದೆಲ್ಲ ಯಾರು ಹೇಳಿದ್ದು?"

ಅವಳು ನಲ್ಲಿ ನಿಲ್ಲಿಸಿದಳು. ಉಳಿದದ್ದೆಲ್ಲ ತನ್ನ ತಲೆಯೇ ಹೇಳಿದ್ದು. ಅದಕ್ಕೆ ಸಾಕ್ಷಿಯೂ ಅದೇ, ಜಡ್ಜೂ ಅದೇ. ಅವನಿಗೆ ತಾನು ಬೇಕೋ ಬೇಡವೋ ಎಂಬುದು ನೋಡಿ ತಿಳಿಯಬಹುದಾದ ಭಯ. ಬೇಡವಾಗಿದ್ದರೆ ಅಳಬಹುದು. ಅತ್ತು ಎದ್ದೇಳಬಹುದು. ಹಿಂದಿನವನನ್ನು ಕೇಳಿ ಕೇಳಿ ಕಳೆದುಕೊಂಡದ್ದಾಯಿತು, ಇವನನ್ನು ಕೇಳದೆಯೇ ಕಳೆದುಕೊಳ್ಳಲು ಮಾತ್ರ ಸಾಧ್ಯವಿಲ್ಲ. ಅವಳು ಕಾಲನ್ನು ನೆಲಕ್ಕೆ ಒತ್ತಿ ನಿಂತು, ಉಸಿರು ಉದ್ದಕ್ಕೆ ಬಿಟ್ಟಳು. ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ನಿಲ್ಲಲಿ ಎಂದು ಅವಳು ಕಾಯಲೂ ಇಲ್ಲ.

ಸೋಮವಾರ ಬೆಳಿಗ್ಗೆ, ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದಳು. ಅವನು ಕೌಂಟರಿನ ಹಿಂದೆ ಕೂತಿದ್ದ, ತಂದೆ ಮೂಲೆಯಲ್ಲಿದ್ದರು.

"ಒಂದೇ ಪ್ರಶ್ನೆ," ಎಂದಳು. "ಒಂದೇ ಸಲ ಕೇಳ್ತೀನಿ. ನೀವು ಏನು ಹೇಳಿದ್ರೂ ಮತ್ತೆ ಕೇಳಲ್ಲ. ನಾನು ಇಲ್ಲಿಗೆ ಬರೋದು ನಿಮಗೆ ಬೇಕಾ, ಬೇಡ್ವಾ?"

ಅವನು ಫ್ರೇಮ್ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡ.

"ಹೇಳೋ," ಎಂದರು ತಂದೆ. "ನನಗೆ ಕಾಣಿಸ್ದೇ ಇರಬಹುದು. ಒಂದು ವಾರದಿಂದ ನನ್ನ ಮಗ ಚಹಾಕ್ಕೆ ಉಪ್ಪು ಹಾಕ್ತಿದ್ದಾನೆ ಅನ್ನೋದು ನಾಲಿಗೆಗೆ ಗೊತ್ತಾಗುತ್ತೆ."

"ಬೇಕು," ಎಂದ ಅವನು. "ಬೇಕಾಗಿದ್ದಕ್ಕೇ ಬೇಡ ಅಂದೆ."

"ಬೀದೀಲಿ?"

"ಯಾವ ಬೀದೀಲಿ?" ಅವನು ನಿಜಕ್ಕೂ ಗಾಬರಿಯಾದ. "ನೀವು ಎದುರಿಗೆ ಬಂದಿದ್ರಾ? ಅಯ್ಯೋ... ಡಾಕ್ಟರು ಪಾಪೆ ಹಿಗ್ಗೋ ಹನಿ ಹಾಕಿದ್ರು ರೀ. ಮೇಲೆ ಪವರ್ ಇಲ್ಲದ ಕಪ್ಪು ಕನ್ನಡಕ. ಲೈಟ್ ಕಂಬಕ್ಕೂ ಮನುಷ್ಯರಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಎಷ್ಟು ಕಂಬಕ್ಕೆ ಸಾರಿ ಹೇಳಿದೀನೋ."

ಅವಳು ಗಾಜಿನ ಷೋಕೇಸಿಗೆ ಕೈ ಊರಿದಳು. ಇಡೀ ವಾರ ತಲೆ ಬರೆದ ದೊಡ್ಡ ದುಃಖದ ಕಥೆ ಎರಡು ಹನಿ ಔಷಧಿಯಲ್ಲಿ ಕರಗಿಹೋಯಿತು. ಆದರೆ ಅವನು ನಗುತ್ತಿರಲಿಲ್ಲ.

"ನೀವು ಹೇಳಿದ್ರಿ ಅಂತ ಹೋದೆ. ಒತ್ತಡ ಜಾಸ್ತಿ ಇದೆ ಅಂದ್ರು. ಅದರಿಂದ ಕಣ್ಣಿನ ನರಕ್ಕೆ ಏಟು ಬಿದ್ದಿದೆಯಾ ಇಲ್ವಾ ಅಂತ ನೋಡೋಕೆ ಇನ್ನೊಂದು ಪರೀಕ್ಷೆ. ಬಿಳೀ ಬೋಗುಣಿ ಥರದ ಮೆಷಿನ್ ಒಳಗೆ ಮುಖ ಇಡಬೇಕು. ಸಣ್ಣ ಸಣ್ಣ ಬೆಳಕು ಬರುತ್ತೆ, ಕಂಡಾಗ ಬಟನ್ ಒತ್ತಬೇಕು." ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಯಾರಿಗೂ ಎಲ್ಲಾ ಬೆಳಕೂ ಕಾಣಿಸಲ್ಲ. ನಂಗೊತ್ತು. ಎಷ್ಟು ಜನಕ್ಕೆ ನಾನೇ ಹೇಳಿ ಕಳಿಸಿದೀನಿ. ಒಳಗೆ ಮುಖ ಇಟ್ಟ ತಕ್ಷಣ ಅಪ್ಪನ ಕಣ್ಣೇ ನೆನಪಾಯ್ತು. ಬೆಳಕು ಯಾವ ಲಯದಲ್ಲಿ ಬರುತ್ತೆ ಅಂತ ಅಂದಾಜು ಮಾಡಿ ಒತ್ತಿಬಿಟ್ಟೆ. ಕಾಣದೇ ಇದ್ರೂ ಒತ್ತಿದೆ. ನಂಬೋಕಾಗಲ್ಲ ಅಂತ ಮೆಷಿನ್ ಹೇಳ್ತು. ಇನ್ನೊಂದ್ಸಲ ಮಾಡಿದ್ರೂ ಅದೇ ಕಥೆ. ಆಮೇಲೆ ಬರ್ತೀನಿ ಅಂತ ಹೇಳಿ ಎದ್ದು ಬಂದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಈ ಸಲ ತಿರುಗಿ ಹೆಗಲು ಅಲುಗಿಸಿದವಳು ಅವಳೇ.

"ಅದು ಕಣ್ಣಿಗೆ ಇಟ್ಟ ಪರೀಕ್ಷೆ ಕಣ್ರೀ," ಎಂದಳು.

ಅವನ ತುಟಿ ಅರ್ಧ ಮಾತ್ರ ನಕ್ಕಿತು. "ಅಕಸ್ಮಾತ್ ನಂಗೂ ಅಪ್ಪನ ಥರಾನೇ ಆದ್ರೆ? ನಿಮ್ಮ ತಲೇಲಿ ಮೊದಲೇ ಜಾಗ ಇಲ್ಲ. ಇದನ್ನೂ ತಂದು ತುಂಬಲಾ? ಅದಕ್ಕೇ ಬೇಡ ಅಂದೆ."

"ನನ್ನ ತಲೇಲಿ ಎಷ್ಟು ಜಾಗ ಇದೆ ಅಂತ ನಾನು ಹೇಳ್ಬೇಕು. ಏಳು, ಹೋಗೋಣ."

'ಏಳು' ಎಂದದ್ದು ಇಬ್ಬರಿಗೂ ಕೇಳಿಸಿತು. ಯಾರೂ ತಿದ್ದಲಿಲ್ಲ.

"ಅಂಗಡಿ?"

"ಅಂಗಡಿ ನಾನು ನೋಡ್ಕೋತೀನಿ," ಎಂದರು ತಂದೆ. "ನೋಡ್ಕೋತೀನಿ ಅಂದೆ ಅಂತ ನಗಬೇಡಿ. ಹೊರಡಿ."

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆಯುವ ಮುಂಚೆ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. "ಕಂಡ್ರೆ ಒತ್ತು. ಕಾಣದೇ ಇದ್ರೆ ಸುಮ್ನಿರು. ಅಷ್ಟೇ ನಿನ್ನ ಕೆಲಸ. ಪಾಸಾಗೋದು ನಿನ್ನ ಕೆಲಸ ಅಲ್ಲ."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಅವಳ ತಲೆ ಬಿಚ್ಚಿಕೊಂಡಿತು. ಅಕಸ್ಮಾತ್ ಏಟು ಬಿದ್ದಿದ್ದರೆ. ಅಕಸ್ಮಾತ್ ಎರಡೂ ಕಣ್ಣಿಗೆ. ಅಕಸ್ಮಾತ್ ತಾನು ಕರೆತಂದದ್ದೇ ತಡವಾಗಿದ್ದರೆ. ಅವಳು ಅವುಗಳ ಜೊತೆ ವಾದ ಮಾಡಲಿಲ್ಲ, ಸಂಜೆ ಬನ್ನಿ ಎನ್ನಲೂ ಇಲ್ಲ. ಬಂದಿದ್ದೀರಾ, ಕೂತ್ಕೊಳ್ಳಿ, ಬೆಂಚು ಉದ್ದ ಇದೆ ಎಂದುಕೊಂಡಳು. ತಣ್ಣನೆಯ ನೆಲದ ಮೇಲೆ ಎರಡೂ ಪಾದ ಒತ್ತಿ ಕಾದಳು. ಕಷ್ಟವಾಯಿತು. ಎದ್ದು ಓಡಲಿಲ್ಲ.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು. ಈ ಸಲದ ಪರೀಕ್ಷೆ ಸರಿಯಾಗಿ ಬಂದಿದೆ. ಬಲಗಣ್ಣಿನ ನೋಟ ಅಂಚಿನಲ್ಲಿ ಸ್ವಲ್ಪ ಹೋಗಿದೆ, ಅದು ವಾಪಸು ಬರುವುದಿಲ್ಲ. ಎಡಗಣ್ಣು ಚೆನ್ನಾಗಿದೆ. ಎರಡೂ ಕಣ್ಣಿಗೆ ದಿನವೂ ತಪ್ಪದೆ ಹನಿ ಹಾಕಬೇಕು, ಕೊನೆಯವರೆಗೂ. ಆಗಾಗ ಬಂದು ತೋರಿಸಬೇಕು. "ನಿಮ್ಮ ತಂದೆಯವರದು ತಡವಾಗಿ ಗೊತ್ತಾಯ್ತು. ನಿಮ್ಮದು ಬೇಗ ಗೊತ್ತಾಗಿದೆ. ಹನಿ ಹಾಕ್ಕೊಂಡು ಇದ್ರೆ ಬಹಳಷ್ಟು ಜನಕ್ಕೆ ನೋಟ ಉಳಿಯುತ್ತೆ. ಮೊದಲನೇದನ್ನ ಇವತ್ತೇ ಹಾಕ್ಕೊಳ್ಳಿ."

ಕಾರಿಡಾರಿನ ಕೊನೆಯಲ್ಲಿ, ಕಿಟಕಿಯ ಪಕ್ಕ, ಅವನು ಕುರ್ಚಿಯಲ್ಲಿ ಕೂತು ಪುಟ್ಟ ಬಾಟಲಿಯ ಮುಚ್ಚಳ ತೆಗೆದ. ತಲೆ ಹಿಂದಕ್ಕೆ ವಾಲಿಸಿ ಹಿಂಡಿದ. ರೆಪ್ಪೆ ಮುಚ್ಚಿಕೊಂಡಿತು, ಹನಿ ಕೆನ್ನೆಯ ಮೇಲೆ ಇಳಿಯಿತು. ಮತ್ತೆ ಹಿಂಡಿದ. ಈ ಸಲ ಕಿವಿಗೆ ಹೋಯಿತು.

"ಸಾವಿರಾರು ಜನಕ್ಕೆ ಹಾಕಿದೀನಿ," ಎಂದ ನಾಚಿಕೆಯಿಂದ.

"ಕೊಡು ಇಲ್ಲಿ."

"ಬಹಳಷ್ಟು ಜನಕ್ಕೆ ಅಂದ್ರು," ಎಂದ ಅವನು, ಬಾಟಲಿ ಬಿಡದೆ. "ಎಲ್ಲರಿಗೂ ಅನ್ನಲಿಲ್ಲ. ಮುಂದೆ ಏನಾಗುತ್ತೋ ಅವರಿಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಅದನ್ನ ಇವತ್ತು ನೋಡೋಕಾಗಲ್ಲ." ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಟಲಿ ತೆಗೆದುಕೊಂಡಳು. "ನನ್ನ ತಲೆ ಯಾವತ್ತೂ ಸುಮ್ನಿರಲ್ಲ. ಈಗ್ಲೂ ಕೂಗ್ತಾನೇ ಇದೆ. ಅದು ಸುಮ್ನಾಗಲಿ, ಆಮೇಲೆ ಹೇಳೋಣ ಅಂತ ಕಾದ್ರೆ ಮುದುಕಿ ಆಗ್ಬಿಡ್ತೀನಿ. ಅದು ಕೂಗ್ಲಿ. ನಾನು ನಿನ್ನನ್ನ ಪ್ರೀತಿಸ್ತೀನಿ. ನನ್ನನ್ನ ಮದುವೆ ಆಗ್ತೀಯಾ? ಮೇಲೆ ನೋಡು."

ಅವನು ನೋಡಿದ.

"ನನ್ನನ್ನಲ್ಲ. ಮೇಲೆ."

"ಮೇಲೆ ನಿಂತಿರೋಳು ನೀನೇ."

ಅವಳು ಎಡಗೈಯಿಂದ ಅವನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಹಿಡಿದಳು. ಅವಳ ಎದೆ ಡಬಡಬ ಎನ್ನುತ್ತಿತ್ತು. ಕೈ ಅಲುಗಲಿಲ್ಲ. ಹನಿ ಬಲಗಣ್ಣಿನೊಳಗೆ ಸರಿಯಾಗಿ ಬಿತ್ತು.

"ಮುಚ್ಕೋ. ಸ್ವಲ್ಪ ಹೊತ್ತು ತೆಗೀಬೇಡ."

ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡೇ ಕೈ ಚಾಚಿ, ತಡಕಿ, ಅವಳ ಮಣಿಕಟ್ಟು ಹಿಡಿದುಕೊಂಡ.

"ಆಗ್ತೀನಿ," ಎಂದ. "ಅವತ್ತು ನೀನು ಬಾಯಿಪಾಠ ಮಾಡಿದ್ದೆ ಅಂದ್ಯಲ್ಲ, ಅವತ್ತೇ ಆಗ್ಬಿಡ್ತಿದ್ದೆ."

ನಿಜವಾಗಿಯೂ ಹೌದಾ? ಕರುಣೆಗೋ, ಭಯಕ್ಕೋ, ಇವತ್ತಿನ ಮಟ್ಟಿಗೋ? ನಾಳೆಯೂ ಇದೇ ಹೇಳುತ್ತಾನಾ? ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅವಳು ಅವನ ಮುಚ್ಚಿದ ರೆಪ್ಪೆಗಳನ್ನು ನೋಡಿದಳು. ಕೇಳಿದ್ದಾಗಿತ್ತು, ಉತ್ತರ ಬಂದಾಗಿತ್ತು.

"ಇನ್ನೊಂದು ಕಣ್ಣು," ಎಂದಳು.